ಗದ್ದೆಗೆ ಬೋರ್ಡು ಬಿತ್ತು, ನೀರೆತ್ತ ಹೋಗಬೇಕು?

ಮಂಡ್ಯ: ರಸ್ತೆ ಬದಿಯಲ್ಲಿ ಒಂದು ಬೋರ್ಡು. ಬೋರ್ಡಿನಲ್ಲಿ ಒಂದು ಮನೆ. ಮನೆ ಮುಂದೆ ಹಸಿರು ಹುಲ್ಲು, ಹುಲ್ಲಿನ ಮೇಲೆ ಉಯ್ಯಾಲೆ, ಉಯ್ಯಾಲೆಯಲ್ಲಿ ನಗುವ ಮಗು. ಮೇಲೆ ದಪ್ಪಕ್ಷರದಲ್ಲಿ ‘ತೋಟದ ಮನೆ ನಿಮ್ಮದಾಗಲಿ’ ಎಂಬ ಕರೆ. ಕೆಳಗೆ ಫೋನ್ ನಂಬರು.

ಬೋರ್ಡಿನ ಹಿಂದಕ್ಕೆ ಹೋಗಿ ನೋಡಿದರೆ ಹುಲ್ಲೂ ಇಲ್ಲ, ಉಯ್ಯಾಲೆಯೂ ಇಲ್ಲ. ಹೋದ ವರ್ಷದವರೆಗೆ ನಾಟಿ ಆಗುತ್ತಿದ್ದ ಗದ್ದೆ. ಬದುಗಳನ್ನು ಜೆಸಿಬಿ ಸವರಿ ಹಾಕಿದೆ. ಟಿಪ್ಪರ್ ಲೆಕ್ಕದಲ್ಲಿ ಕೆಂಪು ಮಣ್ಣು ತಂದು ಸುರಿದು ನೆಲ ಏರಿಸಿದ್ದಾರೆ. ಬಿಳಿ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿವೆ. ಒಂದು ಮೂಲೆಯಲ್ಲಿ ಮಾತ್ರ ಎರಡು ತೆಂಗಿನ ಮರ ಉಳಿದಿವೆ. ಅವು ಹಳೆಯ ಯಜಮಾನ ನೆಟ್ಟದ್ದು. ‘ತೋಟ’ ಎಂಬ ಮಾತಿಗೆ ಸಾಕ್ಷಿ ಬೇಕಲ್ಲ, ಅದಕ್ಕೆ ಬಿಟ್ಟಿದ್ದಾರೆ!

ಕಂದಾಯ ಇಲಾಖೆಯ ಪುಸ್ತಕದಲ್ಲಿ ಉಳುವ ಜಮೀನಿಗೆ ಮೂರೇ ಜಾತಿ. ಮಳೆ ನಂಬಿದ್ದು ಖುಷ್ಕಿ. ನಾಲೆ, ಕೆರೆ ನೀರಿನಲ್ಲಿ ಭತ್ತ ಬೆಳೆಯುವುದು ತರಿ. ತೆಂಗು, ಅಡಿಕೆ, ಬಾಳೆ ಇರುವುದು ಬಾಗಾಯ್ತು, ಅಂದರೆ ತೋಟ. ತಾತ ಮುತ್ತಾತನ ಕಾಲದಿಂದ ಕಂದಾಯ ಕಟ್ಟಿದ್ದು ಈ ಮೂರರ ಲೆಕ್ಕದಲ್ಲೇ. ಮನೆ ಹಿಂದೆ ಹೀರೆ ಚಪ್ಪರ, ನುಗ್ಗೆ ಮರ, ಬಚ್ಚಲ ನೀರಿಗೆ ನಾಲ್ಕು ಬಾಳೆ ಇದ್ದರೆ ಅದನ್ನು ಯಾರೂ ತೋಟ ಅನ್ನುತ್ತಿರಲಿಲ್ಲ, ಹಿತ್ತಲು ಅನ್ನುತ್ತಿದ್ದರು. ಈಗ ಬೋರ್ಡಿನಲ್ಲಿ ಬಂದಿರುವ ತೋಟ ನಾಲ್ಕನೆಯ ಜಾತಿ. ಇದಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ. ಆದರೆ ಶ್ರೀರಂಗಪಟ್ಟಣದಿಂದ ಮದ್ದೂರಿನ ತನಕ ಬಸ್ಸಿನ ಕಿಟಕಿಯಲ್ಲಿ ಕೂತು ಬಂದರೆ ಇದೇ ತೋಟದ ಬೋರ್ಡುಗಳು ಸಾಲುಸಾಲಾಗಿ ಎದುರಾಗುತ್ತವೆ.

ಬರೆಯುತ್ತಿರುವುದು ಬೋರ್ಡಿನ ಮೇಲಿನ ಹೊಟ್ಟೆಕಿಚ್ಚಿಗಲ್ಲ. ಜನಕ್ಕೆ ಮನೆ ಬೇಕು. ಊರು ಬೆಳೆಯಬೇಕು. ಪ್ರಶ್ನೆ ಇರುವುದು ಒಂದೇ: ಈ ಗದ್ದೆ ಗದ್ದೆಯಾಗಿರಬೇಕೋ, ಮನೆಯ ಅಂಗಳವಾಗಬೇಕೋ ಅಂತ ತೀರ್ಮಾನ ಮಾಡುವವರು ಯಾರು? ಏನು ನೋಡಿ ಮಾಡುತ್ತಾರೆ? ಅಕ್ಕಪಕ್ಕದವನ ಮಾತು ಯಾರಾದರೂ ಕೇಳುತ್ತಾರಾ?

ಬೆಗ್ಗಾಡು ಗದ್ದೆಯಾದ ಕಥೆ

ಹಳಬರಿಗೆ ಗೊತ್ತು, ಹೊಸಬರಿಗೆ ಒಂದು ಮಾತು ಹೇಳಬೇಕು. ಈ ಬಯಲು ಹುಟ್ಟಿನಿಂದ ಹಸಿರಲ್ಲ. ರಾಗಿ, ಜೋಳ, ಹುರುಳಿ ಬೆಳೆದುಕೊಂಡು ಮೋಡ ನೋಡುತ್ತಿದ್ದ ಸೀಮೆ ಇದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಟ್ಟೆ ಮುಗಿದು, ಹುಲಿಕೆರೆ ಬಳಿ ಗುಡ್ಡ ಕೊರೆದು ಸುರಂಗ ಮಾಡಿ, ನಾಲೆ ನೀರು ಈ ಕಡೆಗೆ ಹರಿದದ್ದು 1930ರ ದಶಕದ ಆರಂಭದಲ್ಲಿ. ಆಗಿನ ವೈಸ್‌ರಾಯ್ ಹೆಸರಲ್ಲಿ ಇರ್ವಿನ್ ನಾಲೆ ಅಂದರು. ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯಿತು. ಜನರ ಬಾಯಲ್ಲಿ ವಿ.ಸಿ. ನಾಲೆ.

ನೀರು ಬಂದ ಮೇಲೆ ಕಬ್ಬು ಬಂತು. 1933ರಲ್ಲಿ ಮೈಷುಗರ್ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಅಂದರೆ ಈ ಜಿಲ್ಲೆಯ ಜಾತಕ ಬರೆದದ್ದೇ ನಾಲೆ. ಖುಷ್ಕಿ ಜಮೀನು ತರಿಯಾಗಲು ಸರ್ಕಾರದ ಬೊಕ್ಕಸ, ಎಂಜಿನಿಯರುಗಳ ಬುದ್ಧಿ, ಸಾವಿರಾರು ಕೂಲಿಗಳ ರಟ್ಟೆ, ಮುಳುಗಿದ ಊರುಗಳವರ ಕಣ್ಣೀರು ಎಲ್ಲ ಸೇರಿದೆ. ಅದೇ ತರಿ ಜಮೀನು ಈಗ ಸೈಟಾಗಲು ಒಂದು ಅರ್ಜಿ, ಒಂದಷ್ಟು ಫೀಜು, ಒಂದು ಆದೇಶ ಸಾಕು.

ಯಾಕೆ ಮಾರುತ್ತಾರೆ?

ರೈತ ಆಸೆಬುರುಕ, ಮಾರಿಕೊಂಡ ಅಂತ ಪೇಟೆಯ ಹೋಟೆಲಿನಲ್ಲಿ ಕಾಫಿ ಹೀರುತ್ತಾ ಹೇಳುವುದು ಸುಲಭ. ಒಂದು ಎಕರೆ ಗದ್ದೆಯವನ ಮನೆಗೆ ಹೋಗಿ ಕೂತರೆ ಮಾತು ಬೇರೆ ಕೇಳುತ್ತದೆ. ನಾಲೆಯಲ್ಲಿ ನೀರು ಕಟ್ಟು ಪದ್ಧತಿಯಲ್ಲಿ ಬರುತ್ತದೆ. ಬರುತ್ತದೋ ಇಲ್ಲವೋ ಅಂತ ಪ್ರತಿ ವರ್ಷ ಕಟ್ಟೆಯ ಮಟ್ಟ ನೋಡಬೇಕು. ಕಬ್ಬು ಹಾಕಿದರೆ ಕಡಿಯುವ ಆಳು ಸಿಗುವುದಿಲ್ಲ. ಕಡಿದು ಕಾರ್ಖಾನೆಗೆ ಸಾಗಿಸಿದರೆ ಬಟವಾಡೆಗೆ ಕಾಯಬೇಕು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಕೆಸರಿಗೆ ಇಳಿಯಲಾರ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಿದ್ದರೆ ಆಸ್ಪತ್ರೆ ಬಿಲ್ಲು ಗದ್ದೆಯ ಮೂರು ವರ್ಷದ ಬೆಳೆಯನ್ನು ಒಂದು ವಾರದಲ್ಲಿ ನುಂಗುತ್ತದೆ.

ಈ ಹೊತ್ತಿಗೆ ಸರಿಯಾಗಿ ಬಿಳಿ ಅಂಗಿಯವನೊಬ್ಬ ಬೈಕಿನಲ್ಲಿ ಬರುತ್ತಾನೆ. “ಏನ್ ಗೌಡ್ರೆ, ಎಷ್ಟ್ ದಿನಾಂತ ಈ ಕೆಸರ್ ತುಳೀತೀರಿ?” ಅನ್ನುತ್ತಾನೆ. ಲೆಕ್ಕ ಹೇಳುತ್ತಾನೆ. ಲೆಕ್ಕ ಕಷ್ಟದ್ದೇನಲ್ಲ. ಒಂದು ಎಕರೆ ಅಂದರೆ 40 ಗುಂಟೆ, ಚದರಡಿಯಲ್ಲಿ 43,560. ರಸ್ತೆ, ಚರಂಡಿ, ಪಾರ್ಕು ಅಂತ ಅರ್ಧ ಕಳೆದರೂ 30x40 ಅಳತೆಯ 18 ಸೈಟು ಬರುತ್ತದೆ. ಸೈಟು ಲೆಕ್ಕದಲ್ಲಿ ಮಾರುವವನಿಗೆ ಒಂದು ಸೈಟಿನಲ್ಲಿ ಬರುವ ದುಡ್ಡು ರೈತನಿಗೆ ಎಷ್ಟೋ ವರ್ಷ ಉತ್ತರೂ ಬಾರದು. ಎಕರೆ ಲೆಕ್ಕದಲ್ಲಿ ಮಾರುವ ರೈತನಿಗೆ ಈ ಗುಣಾಕಾರದ ಪೂರ್ತಿ ಫಲ ಸಿಕ್ಕುವುದೂ ಇಲ್ಲ.

ಇನ್ನು ಕಾನೂನು. 1974ರ ಭೂ ಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಅಂದರು. ವ್ಯವಸಾಯಗಾರನಲ್ಲದವನು, ಬೇರೆ ವರಮಾನ ಜಾಸ್ತಿ ಇರುವವನು ಕೃಷಿ ಜಮೀನು ಕೊಳ್ಳಬಾರದು ಅಂತ 79ಎ, 79ಬಿ ಕಲಮುಗಳನ್ನು ಹಾಕಿ ಬಾಗಿಲು ಮುಚ್ಚಿದರು. ಮುಚ್ಚಿದ ಬಾಗಿಲ ಸಂದಿಯಲ್ಲಿ ನುಸುಳಿದವರು ಇರಲಿಲ್ಲ ಅಂತಲ್ಲ. 2020ರಲ್ಲಿ ಆ ಕಲಮುಗಳನ್ನೇ ತೆಗೆದು ಹಾಕಿದರು. ಈಗ ಯಾರು ಬೇಕಾದರೂ ಕೊಳ್ಳಬಹುದು. ಅದಾದ ಮೂರು ವರ್ಷಕ್ಕೆ, 2023ರ ಮಾರ್ಚಿಯಲ್ಲಿ, ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ಈ ಜಿಲ್ಲೆಯಲ್ಲೇ ಆಯಿತು. ಬೆಂಗಳೂರು ಹತ್ತಿರ ಬಂತು. ಹತ್ತಿರ ಬಂದದ್ದು ಬೆಂಗಳೂರು ಮಾತ್ರವಲ್ಲ, ಬೆಂಗಳೂರಿನ ದುಡ್ಡು ಸಹ.

ಕಾಗದದ ದಾರಿ

ಗದ್ದೆಯಲ್ಲಿ ರೈತ ತನ್ನ ಅನುಕೂಲಕ್ಕೆ ತೋಟದ ಮನೆ, ದನದ ಕೊಟ್ಟಿಗೆ, ಬಾವಿ ಕಟ್ಟಿಕೊಳ್ಳಲು ಯಾರನ್ನೂ ಕೇಳಬೇಕಾಗಿಲ್ಲ. ಅದು ಬೇಸಾಯದ ಭಾಗ. ಆದರೆ ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಜಮೀನು ತಿರುಗಿಸಬೇಕಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳ ಅಪ್ಪಣೆ ಬೇಕು. ಜನರು ‘ಡಿಸಿ ಕನ್ವರ್ಷನ್’ ಅನ್ನುವುದು ಇದಕ್ಕೇ. ಅಪ್ಪಣೆ ಇಲ್ಲದೆ ತಿರುಗಿಸಿದರೆ 96ನೇ ಕಲಮಿನಲ್ಲಿ ದಂಡ ಹಾಕಬಹುದು, ತೆರವು ಮಾಡಿಸಲೂಬಹುದು.

ಅರ್ಜಿ ಈಗ ಕೈಬರಹದಲ್ಲಿ ಇಲ್ಲ. ಭೂಮಿ ತಂತ್ರಾಂಶದಲ್ಲಿ ಹೋಗುತ್ತದೆ, ಜೊತೆಗೆ ಒಂದು ಪ್ರಮಾಣಪತ್ರ. ಪಹಣಿ ನೋಡುತ್ತಾರೆ, ಮ್ಯುಟೇಷನ್ ನೋಡುತ್ತಾರೆ. ಸರ್ವೆ ನಂಬರಿನ ಒಂದು ತುಂಡು ಮಾತ್ರ ಆದರೆ 11ಇ ನಕ್ಷೆ ನೋಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತ ನೋಡುತ್ತಾರೆ, ಯಾಕೆಂದರೆ ಅದಕ್ಕೆ 1978ರ ಪಿಟಿಸಿಎಲ್ ಕಾಯ್ದೆಯ ಬೇಲಿ ಇದೆ. ಕೆರೆ ಅಂಗಳವಾ, ಖರಾಬಾ, ಗೋಮಾಳವಾ ಅಂತ ನೋಡುತ್ತಾರೆ. ಯೋಜನಾ ಪ್ರಾಧಿಕಾರದವರು ಮಹಾ ಯೋಜನೆಯ ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣ ಬಳಿದಿದೆ ಅಂತ ನೋಡುತ್ತಾರೆ. ವಾಸಕ್ಕೆ ಅಂತ ಬಳಿದಿದ್ದರೆ ಹಾದಿ ಸಲೀಸು. ಕೃಷಿ ವಲಯ ಅಂತ ಬಳಿದಿದ್ದರೆ ಮೊದಲು ಬಣ್ಣ ಬದಲಾಗಬೇಕು.

ಇಷ್ಟೆಲ್ಲ ನೋಡುವ ಅಧಿಕಾರಿಗಳು ಕೆಟ್ಟವರೇನಲ್ಲ. ಅವರ ಮುಂದೆ ಇರುವುದು ಒಂದು ಸರ್ವೆ ನಂಬರು. ಆ ನಂಬರಿನ ಕಾಗದ ಸರಿಯಾಗಿದೆಯಾ ಅಂತ ನೋಡುವುದು ಅವರ ಕೆಲಸ, ನೋಡುತ್ತಾರೆ. ಆದರೆ ಗದ್ದೆ ಬಯಲಿನಲ್ಲಿ ಒಂದು ಸರ್ವೆ ನಂಬರು ಅಂತ ಒಂಟಿಯಾಗಿ ಬದುಕುವುದಿಲ್ಲ. ನೀರಿಗೆ ಸರ್ವೆ ನಂಬರು ಗೊತ್ತಿಲ್ಲ. ಕಡತಕ್ಕೆ ನೀರು ಗೊತ್ತಿಲ್ಲ. ಎಡವಟ್ಟು ಇರುವುದು ಇಲ್ಲೇ.

ಮೂಲೆಯ ಪ್ರಕಟಣೆ

ಮಹಾ ಯೋಜನೆಯಲ್ಲಿ ಕೃಷಿ ವಲಯ ಅಂತ ಇರುವುದನ್ನು ವಾಸದ ವಲಯ ಮಾಡಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಒಂದು ಷರತ್ತು ಹಾಕಿದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆಕ್ಷೇಪಣೆ ಇದ್ದವರು ಹೇಳಿಕೊಳ್ಳಲು 15 ದಿನಕ್ಕೆ ಕಡಿಮೆ ಇಲ್ಲದಂತೆ ಕಾಲ ಕೊಡಬೇಕು. ಬಹಳ ಒಳ್ಳೆಯ ಷರತ್ತು. ಆದರೆ ಈ ಪ್ರಕಟಣೆಯನ್ನು ಓದಿದವರು ಎಷ್ಟು ಮಂದಿ?

ಶ್ರದ್ಧಾಂಜಲಿಗೂ ಟೆಂಡರಿಗೂ ನಡುವೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬಂದಿರುತ್ತದೆ. ಇಂಥ ಹೋಬಳಿ, ಇಂಥ ಗ್ರಾಮ, ಇಂಥ ಸರ್ವೆ ನಂಬರು, ಇಷ್ಟು ಎಕರೆ ಇಷ್ಟು ಗುಂಟೆ. ಕೆಳಗದ್ದೆಯವನು ಆ ಹೊತ್ತಿಗೆ ಪೈರಿಗೆ ಗೊಬ್ಬರ ಎರಚುತ್ತಿರುತ್ತಾನೆ. ಅವನ ಊರಿಗೆ ಪತ್ರಿಕೆ ಬಂದರೂ ಹೋಟೆಲಿನಲ್ಲಿ ಇಡ್ಲಿ ಕಟ್ಟಲು ಹೋಗಿರುತ್ತದೆ. 15 ದಿನ ಕಳೆಯಿತು. ಆಕ್ಷೇಪಣೆ ಬಂದಿಲ್ಲ ಅಂತ ಕಡತದಲ್ಲಿ ಒಂದು ಸಾಲು ಬಿತ್ತು. ಮುಗಿಯಿತು. ಆಮೇಲೆ ಟಿಪ್ಪರ್ ಬಂದು ಮಣ್ಣು ಸುರಿದಾಗ ಅವನಿಗೆ ಗೊತ್ತಾಗುತ್ತದೆ. ಓಡಿ ಹೋಗಿ ಕೇಳಿದರೆ, “ಆವಾಗ ಎಲ್ ಹೋಗಿದ್ದಿರಿ? ಪೇಪರ್‌ನಲ್ಲಿ ಹಾಕಿದ್ವಲ್ಲ” ಎಂಬ ಉತ್ತರ!

ಇನ್ನೂ ಒಂದಿದೆ. 95ನೇ ಕಲಮಿನ ಅರ್ಜಿಗೆ ಗೊತ್ತುಪಡಿಸಿದ ಅವಧಿಯೊಳಗೆ ಜಿಲ್ಲಾಧಿಕಾರಿಗಳ ಕಡೆಯಿಂದ ಉತ್ತರ ಬಾರದಿದ್ದರೆ ಅಪ್ಪಣೆ ಸಿಕ್ಕಿತು ಅಂತಲೇ ಲೆಕ್ಕ ಅಂತ ಕಾಯ್ದೆ ಹೇಳುತ್ತದೆ. ಅರ್ಜಿದಾರನನ್ನು ಅಲೆದಾಡಿಸಬಾರದು ಎಂಬ ಒಳ್ಳೆಯ ಉದ್ದೇಶ ಅದು. ಅರ್ಜಿ ಹಾಕಿದವನಿಗೆ ಮೌನವೂ ಅನುಕೂಲ. ಅರ್ಜಿ ಹಾಕದ ಪಕ್ಕದ ಗದ್ದೆಯವನಿಗೆ ಮಾತೂ ಇಲ್ಲ, ಮೌನವೂ ಇಲ್ಲ.

ನಡುವಿನ ಗದ್ದೆ

ನಾಲೆ ಬಯಲಿನ ಯಾವ ಊರಾದರೂ ಆಗಲಿ, ಒಂದು ತೂಬಿನ ಕೆಳಗೆ ಐದು ಗದ್ದೆ ಅಂತ ಇಟ್ಟುಕೊಳ್ಳಿ. ತೂಬು ಎತ್ತಿದರೆ ನೀರು ಹೊಲಗಾಲುವೆಗೆ ಬರುತ್ತದೆ. ಮೊದಲ ಗದ್ದೆಯವನು ಕಟ್ಟಿಕೊಂಡು ಎರಡನೆಯವನಿಗೆ ಬಿಡುತ್ತಾನೆ. ಎರಡನೆಯವನು ಮೂರಕ್ಕೆ, ಮೂರರವನು ನಾಲ್ಕಕ್ಕೆ, ನಾಲ್ಕರವನು ಐದಕ್ಕೆ. ಕೊನೆಗೆ ಉಳಿದದ್ದು ಬಸಿಗಾಲುವೆಗೆ ಬಿದ್ದು ಕೆರೆಗೋ ಹಳ್ಳಕ್ಕೋ ಹೋಗುತ್ತದೆ. ಇದರಲ್ಲಿ ಜಗಳ ಇಲ್ಲವಾ? ಉಂಟು. ಗುದ್ದಲಿ ಎತ್ತಿದ್ದೂ ಉಂಟು. ಆದರೆ ಜಗಳ ಆಡಿಕೊಂಡೇ ತಲೆಮಾರುಗಳು ಉಂಡಿವೆ.

ಈಗ ಮೂರನೆಯ ಗದ್ದೆಯವನು ಮಾರಿದ. ಅವನ ಕಷ್ಟ ಅವನಿಗೆ. ಕೊಂಡವನು ಮಣ್ಣು ಹಾಕಿ ಮೂರಡಿ ಏರಿಸಿದ, ಸುತ್ತ ಕಾಂಪೌಂಡು ಹಾಕಿದ. ಒಂದು, ಎರಡರಲ್ಲಿ ನೀರು ಮುಂದೆ ಹೋಗಲಾರದೆ ನಿಂತು ಪೈರು ಕೊಳೆಯಿತು. ನಾಲ್ಕು, ಐದರಲ್ಲಿ ನೀರು ಬಾರದೆ ನೆಲ ಬಿರಿಯಿತು. ಒಂದೇ ತೂಬಿನ ಕೆಳಗೆ ಅರ್ಧಕ್ಕೆ ಪ್ರವಾಹ, ಅರ್ಧಕ್ಕೆ ಬರ!

ನಾಲ್ಕನೆಯ ಗದ್ದೆಯವನು ಮಾರಿದವನ ಮನೆ ಜಗಲಿಗೆ ಹೋಗುತ್ತಾನೆ. “ಏನಣ್ಣ, ಮಾರಾದೇನೋ ಮಾರ್ದೆ. ನೀರ್ ದಾರಿನಾದ್ರೂ ಬುಡುಸ್ಕೊಡಾದಲ್ವಾ?”

“ನಾನ್ ಮಾರ್ಬುಟ್ಟಿವ್ನಿ ಕಣಪ್ಪ. ಈಗ ನನ್ ಮಾತ್ ಯಾರ್ ಕೇಳ್ತಾರೆ? ಗೇಟ್ ಒಳಕ್ ನನ್ನೇ ಬುಡಾಕಿಲ್ಲ.”

ಅಲ್ಲಿಂದ ಅವನ ತಿರುಗಾಟ ಶುರು. ಪಂಚಾಯಿತಿಯಲ್ಲಿ ಕೇಳಿದರೆ ನೀರಾವರಿಯವರನ್ನು ಕೇಳಿ ಅನ್ನುತ್ತಾರೆ. ನೀರಾವರಿಯವರನ್ನು ಕೇಳಿದರೆ ನಾಲೆ ನಮ್ಮದು, ತೂಬಿನ ಆಚೆ ಹೊಲಗಾಲುವೆ ನಿಮ್ಮ ನಿಮ್ಮದು ಅನ್ನುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಗ್ರಾಮ ನಕಾಶೆ ಹರಡಿ ನೋಡಿ, ಕಾಲುವೆ ನಕಾಶೆಯಲ್ಲಿಲ್ಲವಲ್ಲ ಅನ್ನುತ್ತಾರೆ. ಇರಲಾರದು. ಎಷ್ಟೋ ಹೊಲಗಾಲುವೆಗಳು, ಬಂಡಿ ಜಾಡುಗಳು ರೂಢಿಯಿಂದ ಬಂದವು, ಕಾಗದಕ್ಕೆ ಹತ್ತಿದವಲ್ಲ. ಪೊಲೀಸ್ ಠಾಣೆಯಲ್ಲಿ ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ ಅನ್ನುತ್ತಾರೆ. ಕೋರ್ಟಿನಲ್ಲಿ ರೂಢಿಯ ಹಕ್ಕಿಗೆ ಬೆಲೆ ಇಲ್ಲದಿಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಇದೆ. 1965ರ ನೀರಾವರಿ ಕಾಯ್ದೆಯಲ್ಲೂ ನೀರಿನ ಹರಿವಿಗೆ ಅಡ್ಡಿ ಮಾಡುವುದು ಅಪರಾಧ. ಆದರೆ ಒಂದು ಎಕರೆಯವನು ವಕೀಲರ ಫೀಜು ಕಟ್ಟಿಕೊಂಡು ವಾಯಿದೆ ಮೇಲೆ ವಾಯಿದೆ ಅಲೆಯುವ ಹೊತ್ತಿಗೆ ಎಷ್ಟು ಹಂಗಾಮು ಕಳೆದಿರುತ್ತದೆ?

ಕೊನೆಗೆ ಏನಾಗುತ್ತದೆ ಗೊತ್ತಾ? ಅದೇ ಬಿಳಿ ಅಂಗಿಯವನು ಬೈಕಿನಲ್ಲಿ ಮತ್ತೆ ಬರುತ್ತಾನೆ. “ನೀರೇ ಬರಾದಿಲ್ವಲ್ಲ, ಇಟ್ಕೊಂಡು ಏನ್ ಮಾಡೀರಿ?” ಮೂರನೆಯವನಿಗೆ ಕೊಟ್ಟ ರೇಟೂ ಇವನಿಗಿಲ್ಲ. ಬೀಳು ಜಮೀನಿಗೆ ಯಾರು ಕೊಡುತ್ತಾರೆ? ಸರ್ಕಾರಿ ಲೆಕ್ಕದಲ್ಲಿ ಇವನೂ ತನ್ನ ಇಷ್ಟದಿಂದಲೇ ಮಾರಿದ ರೈತ. ಜಿಲ್ಲಾಧಿಕಾರಿಗಳ ಅಪ್ಪಣೆ ಒಂದು ಗದ್ದೆಗೆ. ಬೋರ್ಡು ಬೀಳುವುದು ಐದಕ್ಕೂ.

ಕಾವೇರಿ ನೀರಿಗಾಗಿ ಹೆದ್ದಾರಿಗೆ ಅಡ್ಡ ಮಲಗುವ ಜಿಲ್ಲೆ ಇದು. ನ್ಯಾಯಮಂಡಲಿ 2007ರಲ್ಲಿ ತೀರ್ಪು ಕೊಟ್ಟಾಗ, ಸುಪ್ರೀಂ ಕೋರ್ಟು 2018ರಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ಅಂದಾಗ, ಒಂದೊಂದು ಟಿಎಂಸಿಗೂ ಎದೆ ಬಡಿದುಕೊಂಡವರು ನಾವು. ಕಟ್ಟೆಯಿಂದ ತೂಬಿನ ತನಕ ನೀರಿಗೆ ಕಾವಲು. ತೂಬಿನಿಂದ ಗದ್ದೆಯ ತನಕ ಕೇಳುವವರಿಲ್ಲ!

ಲೆಕ್ಕಕ್ಕೆ ಬಾರದವರು

ಮಾರಿದವನಿಗೆ ದುಡ್ಡು ಬಂತು. ಕೊಂಡವನಿಗೆ ಜಾಗ ಬಂತು. ಸರ್ಕಾರಕ್ಕೆ ಫೀಜು ಬಂತು. ಏನೂ ಬಾರದವರು ಇನ್ನೊಬ್ಬರಿದ್ದಾರೆ. ಅಂಗೈಯಗಲ ಭೂಮಿ ಇಲ್ಲದೆ, ನಾಟಿಗೆ, ಕಳೆಗೆ, ಕೊಯ್ಲಿಗೆ ಹೋಗಿ ಸಂಸಾರ ತೂಗಿಸುವ ಹೆಣ್ಣಾಳುಗಳು. ಗದ್ದೆ ಪಹಣಿಯಲ್ಲಿ ಅವರ ಹೆಸರಿಲ್ಲ. ಪ್ರಕಟಣೆಯ ಆಕ್ಷೇಪಣೆಯಲ್ಲಿ ಅವರಿಗೆ ಜಾಗವಿಲ್ಲ. ಗದ್ದೆ ಬದುವಿನ ಹುಲ್ಲು ಕುಯ್ದು ಒಂದು ಎಮ್ಮೆ ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದವಳಿಗೆ ಬದುವೇ ಇಲ್ಲ ಅಂದರೆ ಎಮ್ಮೆ ಎಲ್ಲಿ? ಡೈರಿ ಪುಸ್ತಕ ಎಲ್ಲಿ? “ಗದ್ದೆ ಅವ್ರದು, ಮಾರ್ಕತಾರೆ ಮಾರ್ಕಳ್ಳಿ. ನಮ್ ಕೂಲಿ ಯಾರ್ ಕೊಡ್ತಾರಕ್ಕ?” ಅಂತ ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಹಿಡಿದು ನಿಂತವರು ಕೇಳುವ ಮಾತಿಗೆ ಯಾವ ಕಚೇರಿಯ ಕಡತದಲ್ಲೂ ಕಾಲಂ ಇಲ್ಲ. ಬೆಳಿಗ್ಗೆ ಆರರ ಬಸ್ಸಿಗೆ ಗಾರ್ಮೆಂಟ್ಸಿಗೆ ಹೋಗುವವರ ಸಾಲು ಉದ್ದವಾಗುತ್ತಿರುವುದಕ್ಕೆ ಇದೂ ಒಂದು ಕಾರಣ.

ಅಡ್ಡದಾರಿಯ ತೋಟ

ಇಷ್ಟು ಹೊತ್ತು ಹೇಳಿದ್ದು ನೆಟ್ಟಗೆ ಅಪ್ಪಣೆ ಪಡೆದವರ ಮಾತು. ಅಪ್ಪಣೆಯ ಗೊಡವೆಯೇ ಬೇಡ ಅನ್ನುವವರ ದಾರಿ ಇನ್ನೊಂದಿದೆ. ‘ಫಾರ್ಮ್ ಪ್ಲಾಟ್’ ಅನ್ನುತ್ತಾರೆ. ಜಮೀನು ಕೃಷಿ ಜಮೀನಾಗಿಯೇ ಇರುತ್ತದೆ. ಐದು ಗುಂಟೆ, ಹತ್ತು ಗುಂಟೆ ಅಂತ ತುಂಡು ಮಾಡಿ ಕೃಷಿ ಜಮೀನು ಅಂತಲೇ ರಿಜಿಸ್ಟರ್ ಮಾಡಿಕೊಡುತ್ತಾರೆ. ಪಹಣಿಯಲ್ಲಿ ಹೆಸರು ಬರುತ್ತದೆ ಅಂತ ನಂಬಿಸುತ್ತಾರೆ. ನಾಲ್ಕು ಮಾವಿನ ಸಸಿ ನೆಟ್ಟು, ಒಂದು ಗೇಟು ಹಾಕಿ, ಗೇಟಿಗೊಬ್ಬ ಕಾವಲುಗಾರನನ್ನು ಕೂರಿಸುತ್ತಾರೆ.

ಕೊಳ್ಳುವವರು ಸಾಹುಕಾರರೇ ಅಂತ ತಿಳಿಯಬೇಡಿ. ನಿವೃತ್ತಿ ಹಣ ಕೈಗೆ ಬಂದ ಮೇಷ್ಟ್ರು, ಸಂಘದ ಚೀಟಿ ಎತ್ತಿದ ಡ್ರೈವರು, ದುಬೈಯಲ್ಲಿ ದುಡಿದು ಬಂದ ಮೆಕ್ಯಾನಿಕ್ಕು ಇವರೇ ಜಾಸ್ತಿ. ಮಣ್ಣಿನ ಮೇಲೆ ಆಸೆ. ಒಂದು ಸಣ್ಣ ಮನೆ, ಎರಡು ತೆಂಗು, ಮೊಮ್ಮಕ್ಕಳಿಗೆ ಒಂದು ಉಯ್ಯಾಲೆ. ಬೋರ್ಡು ಬರೆದವನಿಗೆ ಈ ಆಸೆ ಚೆನ್ನಾಗಿ ಗೊತ್ತು.

ಕೊಂಡ ಮೇಲೆ ತಿಳಿಯುತ್ತದೆ. ಕೃಷಿ ಜಮೀನಿನಲ್ಲಿ ತೋಟದ ಮನೆ ಕಟ್ಟಬಹುದು, ನಿಜ. ಆದರೆ ಅದು ಹಿಡುವಳಿಯ ನೂರಕ್ಕೆ ಹತ್ತು ಭಾಗ ಮೀರಬಾರದು, ಬೇಸಾಯಕ್ಕೆ ಸಂಬಂಧಪಟ್ಟಿರಬೇಕು. ಐದು ಗುಂಟೆಯಲ್ಲಿ ಹತ್ತರ ಒಂದು ಭಾಗ ಅಂದರೆ ಅರ್ಧ ಗುಂಟೆ. ಅಂದರೆ 545 ಚದರಡಿಯೂ ಇಲ್ಲ. ಅದರಲ್ಲಿ ಬೋರ್ಡಿನ ಮನೆ ಹಿಡಿಸುವುದಿಲ್ಲ! ಬ್ಯಾಂಕಿಗೆ ಹೋದರೆ ಗೃಹಸಾಲ ಇಲ್ಲ. ಪಂಚಾಯಿತಿಗೆ ಹೋದರೆ ಕಟ್ಟಡಕ್ಕೆ ಲೈಸೆನ್ಸು ಇಲ್ಲ. ಖಾತೆ ಕೇಳಿದರೆ ಇ-ಸ್ವತ್ತಿನಲ್ಲಿ ಕೂರುವುದಿಲ್ಲ. ಲೇಔಟಿಗೆ ಮಂಜೂರಾತಿ ಇದ್ದಿದ್ದರೆ ಪಾರ್ಕಿಗೆ ನೂರಕ್ಕೆ ಹತ್ತಕ್ಕೆ ಕಡಿಮೆ ಇಲ್ಲದಂತೆ ಜಾಗ ಬಿಡಬೇಕಿತ್ತು, ರಸ್ತೆಯನ್ನು ಪಂಚಾಯಿತಿಗೋ ಪ್ರಾಧಿಕಾರಕ್ಕೋ ಬಿಟ್ಟುಕೊಡಬೇಕಿತ್ತು. ಇಲ್ಲಿ ರಸ್ತೆಯೇ ಇನ್ನೊಬ್ಬನ ಹೆಸರಿನಲ್ಲಿ. ಮಳೆಗಾಲ ಬಂದರೆ ಗದ್ದೆ ತನ್ನ ಹಳೆಯ ಬುದ್ಧಿ ಬಿಡುವುದಿಲ್ಲ, ಜಿನುಗು ನೀರು ಪಾಯಕ್ಕೆ ಬರುತ್ತದೆ. ಮನೆಯ ಕಕ್ಕಸು ಗುಂಡಿಯ ನೀರು ಉಕ್ಕಿ ಕೆಳಗದ್ದೆಗೆ ಹೋಗುತ್ತದೆ. ಅಲ್ಲಿಗೆ ಊರಿನವರಿಗೂ ಮೇಷ್ಟ್ರಿಗೂ ಜಗಳ. ಮಾರಿದವನ ಫೋನು ಮಾತ್ರ ಸ್ವಿಚ್ ಆಫ್.

ಸರ್ಕಾರಗಳೂ ಇದಕ್ಕೆ ನೀರೆರೆದಿವೆ. ಅಕ್ರಮ-ಸಕ್ರಮ ಅಂತ 2007ರಲ್ಲಿ ಕಾಯ್ದೆಗೆ ತಿದ್ದುಪಡಿ, 2014ರಲ್ಲಿ ನಿಯಮ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. 2025ರಲ್ಲಿ ನಗರ, ಪಟ್ಟಣಗಳ ರೆವಿನ್ಯೂ ಸೈಟುಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಬಂತು. ಕಟ್ಟಿಕೊಂಡು ಕೂತ ಬಡವನನ್ನು ಬೀದಿಗೆ ಹಾಕಬಾರದು, ಅದು ಸರಿ. ಆದರೆ ಪ್ರತಿ ಸಲ ‘ಇದೇ ಕೊನೆ’ ಅನ್ನುವುದು, ಮತ್ತೆ ಇನ್ನೊಂದು ಬರುವುದು, ಇದನ್ನು ನೋಡಿದ ಬೋರ್ಡಿನವನು ಏನು ಕಲಿಯುತ್ತಾನೆ? “ಇವತ್ತಲ್ಲ ನಾಳೆ ಸಕ್ರಮ ಆಗ್ತದೆ ಸಾರ್, ತಗೊಳಿ” ಅನ್ನುವುದನ್ನು ಕಲಿಯುತ್ತಾನೆ.

ಏನು ಮಾಡಬಹುದು?

ಗದ್ದೆ ಯಾರೂ ಮಾರಲೇಬಾರದು ಅನ್ನುವುದು ರೈತನ ಕತ್ತಿಗೆ ಹಗ್ಗ ಹಾಕಿದ ಹಾಗೆ. ಎಲ್ಲ ಮಾರಲಿ ಅನ್ನುವುದು ನಾಲೆಗೆ ಮಣ್ಣು ಹಾಕಿದ ಹಾಗೆ. ನಡುವೆ ದಾರಿ ಇಲ್ಲದಿಲ್ಲ. ಹೊಸ ಕಾಯ್ದೆ ಬರುವ ತನಕ ಕಾಯಬೇಕಾಗಿಯೂ ಇಲ್ಲ.

ಒಂದು: ನಾಲೆ ಅಚ್ಚುಕಟ್ಟಿನ ಯಾವ ಸರ್ವೆ ನಂಬರು ಕನ್ವರ್ಷನ್‌ಗೆ ಬಂದರೂ, ಅದು ಯಾವ ತೂಬಿನ ಕೆಳಗಿದೆ, ಅದರ ಮೂಲಕ ಯಾವ ಯಾವ ಗದ್ದೆಗೆ ನೀರು ಹೋಗುತ್ತದೆ ಎಂಬ ವರದಿಯನ್ನು ಕಾವೇರಿ ನೀರಾವರಿ ನಿಗಮದ ಸ್ಥಳೀಯ ಎಂಜಿನಿಯರಿಂದ ಸ್ಥಳ ನೋಡಿ ತರಿಸಿಕೊಳ್ಳಬೇಕು. ನೀರುಗಂಟಿಯನ್ನು ಕೇಳಿದರೆ ಅರ್ಧ ಗಂಟೆಯ ಕೆಲಸ.

ಎರಡು: ಲೇಔಟ್ ನಕ್ಷೆಯಲ್ಲಿ ಹೊಲಗಾಲುವೆ, ಬಸಿಗಾಲುವೆ, ಬಂಡಿ ಜಾಡು ಮೂರನ್ನೂ ಗುರುತಿಸಿ, ಅವನ್ನು ಬಿಟ್ಟುಕೊಡುವುದನ್ನು ಆದೇಶದ ಷರತ್ತಿನಲ್ಲೇ ಬರೆಯಬೇಕು. ರಸ್ತೆ, ಪಾರ್ಕು ಬಿಟ್ಟುಕೊಡುವವನಿಗೆ ಮೂರಡಿ ಕಾಲುವೆ ಭಾರವಾಗುವುದಿಲ್ಲ. ಲೇಔಟಿನ ಮಳೆ ನೀರಿಗೂ ಅದೇ ದಾರಿ.

ಮೂರು: ಪ್ರಕಟಣೆ ಪತ್ರಿಕೆಯ ಮೂಲೆಗೆ ಮಾತ್ರ ಬೇಡ. ಪಂಚಾಯಿತಿ ಬೋರ್ಡಿಗೆ ಅಂಟಿಸಲಿ, ಊರಲ್ಲಿ ಟಾಂಟಾಂ ಹೊಡೆಸಲಿ, ಗ್ರಾಮಸಭೆಯಲ್ಲಿ ಓದಲಿ. ಅಕ್ಕಪಕ್ಕದ ಹಿಡುವಳಿದಾರರ ಹೆಸರು ಪಹಣಿಯಲ್ಲೇ ಇದೆ, ಅವರಿಗೊಂದು ನೋಟೀಸು ಕೊಡಲಿ. ಅಂಚೆ ಖರ್ಚು ಅರ್ಜಿದಾರನಿಂದಲೇ ತೆಗೆದುಕೊಳ್ಳಲಿ.

ನಾಲ್ಕು: ಮೇಲೂ ಕೆಳಗೂ ಒಳ್ಳೆಯ ತರಿ ಇರುವ ನಡುವಿನ ಗದ್ದೆಗೆ ಒಂದು ಅಳತೆ, ಊರಂಚಿನ ಖುಷ್ಕಿಗೆ ಒಂದು ಅಳತೆ ಇರಲಿ. ಮನೆ ಕಟ್ಟಲು ಖುಷ್ಕಿಯ ಗಟ್ಟಿ ನೆಲವೇ ವಾಸಿ ಅಂತ ಗಾರೆ ಮೇಸ್ತ್ರಿಯೂ ಹೇಳುತ್ತಾನೆ.

ಇನ್ನು ಕೊಳ್ಳುವವರಿಗೆ ಒಂದು ಮಾತು. ಬೋರ್ಡಿನ ಉಯ್ಯಾಲೆ ನೋಡಿ ಮುಂಗಡ ಕೊಡಬೇಡಿ. ಕನ್ವರ್ಷನ್ ಆದೇಶದ ಪ್ರತಿ ಕೇಳಿ. ಲೇಔಟ್ ಮಂಜೂರಾತಿ ನಂಬರು ಕೇಳಿ. 500 ಚದರ ಮೀಟರ್ ಮೀರಿದ ಲೇಔಟಾದರೆ 2016ರ ಕಾಯ್ದೆಯಂತೆ ರೇರಾ ನೋಂದಣಿ ಇದೆಯಾ ಕೇಳಿ. ಖಾತೆ ಯಾವ ನಮೂನೆಯದು ಕೇಳಿ. ಇಷ್ಟೂ ಆದ ಮೇಲೆ ಒಂದು ದಿನ ಮಧ್ಯಾಹ್ನ ಆ ಜಾಗಕ್ಕೆ ಹೋಗಿ ಪಕ್ಕದ ಗದ್ದೆಯವನನ್ನು ಮಾತಾಡಿಸಿ. “ಮಳೇಲಿ ಇಲ್ಲಿ ನೀರ್ ಎಲ್ಲೀಗಂಟ ನಿಲ್ತದೆ ಯಜಮಾನ್ರೆ?” ಅಂತ ಕೇಳಿ. ಯಾವ ಕಚೇರಿಯೂ ಕೊಡದ ಸರ್ಟಿಫಿಕೇಟು ಅವನ ಬಾಯಲ್ಲಿದೆ.

ಸಂಜೆ ಹೊತ್ತು ಆ ಬೋರ್ಡಿನ ಹತ್ತಿರ ನಿಂತರೆ ಕಾಣುತ್ತದೆ. ಕಾಂಪೌಂಡಿನ ಆಚೆ ನಾಲ್ಕನೆಯ ಗದ್ದೆ. ಯಜಮಾನ ಬದುವಿನ ಮೇಲೆ ಗುದ್ದಲಿ ಊರಿ ಕೂತಿರುತ್ತಾನೆ. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ, ಸದ್ದು ಅವನಿಗೆ ಕೇಳುತ್ತದೆ. ತೂಬು ಇರುವುದು ಇನ್ನೂರು ಗಜ ದೂರದಲ್ಲಿ. ಅಷ್ಟು ದೂರ ನೀರು ನಡೆದು ಬರಲು ದಾರಿ ಇಲ್ಲ.

ಆ ದಾರಿಯನ್ನು ಮುಂದಿನ ಆದೇಶಕ್ಕೆ ಸಹಿ ಹಾಕುವ ಮುಂಚೆ ಒಮ್ಮೆ ಕಾಲಲ್ಲಿ ನಡೆದು ನೋಡಬೇಕು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?